ಬೆರಳಿನ ತೂಕ

ನಮ್ಮ ಭಾವ ಮುನಿರಾಮಪ್ಪನವರಿಗೆ ದೇವರು ಕೊಟ್ಟಿರುವುದು ಒಂದೇ ವಿದ್ಯೆ, ತೂಕ. ಒಂದು ಹಿಡಿ ಬೀನ್ಸನ್ನು ಕೈಯಲ್ಲಿ ಎತ್ತಿಕೊಂಡರೆ ಕಾಲು ಕೆಜಿಗೆ ಎಷ್ಟು ಕಾಯಿ ಕಡಿಮೆ ಇದೆ ಎಂದು ಹೇಳಬಲ್ಲರು. ಉಳಿದ ವಿಷಯದಲ್ಲಿ ಅವರಷ್ಟು ಪೆದ್ದರನ್ನು ನಾನು ಕಂಡಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮಕ್ಕನಿಗೆ ಸೀರೆ ತರುತ್ತೇನೆಂದು ಹೋಗಿ, ಅಂಗಡಿಯಲ್ಲಿ ಒಂದೊಂದನ್ನೂ ಕೈಯಲ್ಲಿ ಎತ್ತಿ ನೋಡಿ, ಭಾರವಾಗಿದ್ದದ್ದೇ ಒಳ್ಳೆಯ ಮಾಲು ಎಂದು ಕಿಟಕಿಯ ಪರದೆಯಂಥದ್ದನ್ನು ಹೊತ್ತು ತಂದ ಮಹಾನುಭಾವರು. ಅಕ್ಕ ಮುತ್ಯಾಲಮ್ಮ ಆ ಸೀರೆಯ ಮಾತನ್ನು ಇವತ್ತಿಗೂ ಬಿಟ್ಟಿಲ್ಲ.

ಚಾಮರಾಜಪೇಟೆಯಲ್ಲಿ ಅವರದೊಂದು ತರಕಾರಿ ಅಂಗಡಿ, ಅದರ ಮೇಲೆಯೇ ಮನೆ, ನಾನೂ ಇರುವುದು ಅವರ ಜೊತೆಗೇ. ಅಂಗಡಿಗೆ ಎರಡು ಕಾನೂನು. ತಕ್ಕಡಿಯ ತಟ್ಟೆಗೆ ಅಂಗಡಿಯವನ ಕೈ ಸೋಕಕೂಡದು. ತೂಕ ಮುಗಿದ ಮೇಲೆ ಕೊಸರು ಹಾಕದೆ ಯಾರನ್ನೂ ಕಳಿಸಕೂಡದು. ಎರಡು ಹಸಿಮೆಣಸಿನಕಾಯಿಯೋ, ಒಂದೆಸಳು ಕರಿಬೇವೋ, ಏನೂ ಇಲ್ಲವೆಂದರೆ ಒಂದು ಚೂರು ಶುಂಠಿಯೋ ಚೀಲಕ್ಕೆ ಬೀಳಲೇಬೇಕು. ಒಂದು ಸಲ ಮಂಡಿಯಲ್ಲಿ ಯಾರೋ ವ್ಯಾಪಾರಿ ಮಾತಾಡುತ್ತಲೇ ಮುಂಗೈಯನ್ನು ತಟ್ಟೆಯ ಅಂಚಿಗೆ ಒರಗಿಸಿದ್ದನ್ನು ಕಂಡು, ತುಂಬಿದ್ದ ಮೂಟೆಗಳನ್ನು ಅಲ್ಲೇ ಸುರಿದು ಬರಿಗೈಯಲ್ಲಿ ಬಂದವರು ಅವರು. ಅವತ್ತು ಅಂಗಡಿಯಲ್ಲಿ ಈರುಳ್ಳಿ ಬಿಟ್ಟರೆ ಬೇರೇನೂ ಇರಲಿಲ್ಲ.

ಅವರ ಒಬ್ಬಳೇ ಮಗಳು ರಮ್ಯಶ್ರೀ. ಶಾಲೆಯಿಂದ ಬಂದವಳು ಆಲೂಗಡ್ಡೆ ಮೂಟೆಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಭಾವ ಗಿರಾಕಿ ಇಲ್ಲದಾಗ ಅವಳಿಗೆ ತಕ್ಕಡಿಯ ಮೋಸಗಳನ್ನೆಲ್ಲ ಕಲಿಸಿಕೊಟ್ಟರು. ಹೆಬ್ಬೆರಳು ಇಡುವುದು, ಮುಂಗೈ ಒರಗಿಸುವುದು, ಒದ್ದೆ ಗೋಣಿ ಹಾಸುವುದು, ಒಂದನ್ನೂ ಬಿಡಲಿಲ್ಲ. ಅಕ್ಕ ಬೈದರೆ, "ಮೋಸ ಮಾಡೋಕಲ್ಲ ಕಣೇ, ನಾಳೆ ಯಾರ ಹತ್ರಾನೂ ಮೋಸ ಹೋಗ್ಬಾರ್ದಲ್ಲ ಅಂತ" ಎನ್ನುವರು. ಹುಡುಗಿ ಎಷ್ಟು ಚೆನ್ನಾಗಿ ಕಲಿತಳೆಂದರೆ, ಮುಂಗೈ ಒರಗಿಸಿಯೂ ಮುಖದಲ್ಲಿ ಏನೂ ತೋರಿಸದೆ ಕಾಲು ಕೆಜಿ ಶುಂಠಿಯನ್ನು ಮುನ್ನೂರು ಗ್ರಾಂ ಮಾಡಿ ತೋರಿಸುವಳು. ಭಾವ ಹೊಟ್ಟೆ ಹಿಡಿದುಕೊಂಡು ನಗುವರು.

ರಮ್ಯ ಬಿ.ಕಾಂ. ಮಾಡಿ ಕುಮಾರ ಪಾರ್ಕಿನ ಒಂದು ಆಡಿಟರ್ ಆಫೀಸಿಗೆ ಸೇರಿದಳು. ಬಾಯಿ ಬಲು ಜೋರು. ಅವಳು ಸ್ಕೂಟರ್ ನಿಲ್ಲಿಸಿ ಮೆಟ್ಟಿಲು ಹತ್ತುವುದಕ್ಕೆ ಮುಂಚೆಯೇ ಮಾತು ಮನೆಯೊಳಗೆ ಬಂದಿರುತ್ತಿತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ ಅವಳ ಕೈಯಿಂದ ಚಮಚ ಜಾರಿತು. ಆಮೇಲೆ ಟೀ ಲೋಟ. ಆಮೇಲೆ ಸ್ಕೂಟರಿನ ಬ್ರೇಕು ಹಿಡಿಯಲಾಗದೆ ಮಕ್ಕಳ ಕೂಟದ ಸರ್ಕಲ್ಲಿನ ಹತ್ತಿರ ಬಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಹೇಳಿದ ಕಾಯಿಲೆಯ ಹೆಸರು ಉದ್ದವಾಗಿದೆ, ನಾನು ಹೇಳುವುದಿಲ್ಲ. ಹೇಳಿದರೆ ಕೇಳಿದವರು ಮೊಬೈಲಿನಲ್ಲಿ ಹುಡುಕಿ ನಮಗೇ ಪಾಠ ಹೇಳುತ್ತಾರೆ. ನರಗಳು ಒಂದೊಂದಾಗಿ ಕೆಲಸ ಬಿಡುತ್ತವೆ, ಅಷ್ಟೇ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ. ಅದಕ್ಕೂ ಆಗಿಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು ಎಂದು ನನಗೆ ಒಮ್ಮೊಮ್ಮೆ ಅನಿಸಿದೆ.

ಕೈಯ ಜೊತೆಯಲ್ಲೇ ನಾಲಿಗೆಯೂ ದಪ್ಪವಾಯಿತು. ಮೊದಮೊದಲು ಅವಳ ಮಾತು ಅಕ್ಕನಿಗಾದರೂ ಅರ್ಥವಾಗುತ್ತಿತ್ತು. ಯುಗಾದಿಯ ಹೊತ್ತಿಗೆ ಅಕ್ಕನಿಗೂ ಅರ್ಥವಾಗದಾಯಿತು. ಏನನ್ನೋ ಮೂರು ಸಲ ಹೇಳಿ, ನಾವು ಮೂವರೂ ಪಿಳಿಪಿಳಿ ನೋಡುವುದನ್ನು ಕಂಡು, ರಮ್ಯ ಗೋಡೆಯ ಕಡೆ ತಿರುಗಿಕೊಂಡಳು. ಮಾರನೆಯ ದಿನ ಆಫೀಸಿನ ಹಳೇ ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡು ಟೈಪ್ ಮಾಡಿ ತೋರಿಸಿದಳು: "ಮಜ್ಜಿಗೆ ಕೇಳಿದೆ ಅಷ್ಟೇ. ಆಸ್ತಿ ಕೇಳಿದ ಹಾಗೆ ಯಾಕೆ ನೋಡ್ತೀರಾ?"

ಅಲ್ಲಿಂದ ಅವಳ ಮಾತೆಲ್ಲ ಆ ಪರದೆಯ ಮೇಲೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಭಾವ ಕನ್ನಡಕ ಹಾಕಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು, ಜೋರಾಗಿ ಓದಿ ಅರ್ಥ ಮಾಡಿಕೊಳ್ಳುತ್ತಿದ್ದರು. ಬಾಯಿ ನೆಟ್ಟಗಿದ್ದಾಗ ಅಪ್ಪನ ಹತ್ತಿರ ಅವಳು ಅಷ್ಟು ಮಾತಾಡಿದವಳೇ ಅಲ್ಲ. ಈಗ ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಭಾವ ಮೇಲೆ ಬಂದರೆ ಇಬ್ಬರದೂ ಪಟ್ಟಾಂಗ. ಮಾತು ಮುಗಿದ ಮೇಲೆ ಅವಳು ಕೊನೆಗೊಂದು ಕೀಟಲೆ ಸೇರಿಸುವಳು. "ಬದನೆಕಾಯಿ ಮುತ್ತಿದೆ ಅಂತ ಅಮ್ಮ ಹೇಳಿದಳು. ನಿನ್ನ ಮೂಗೂ ಬರಬರ್ತಾ ಹಾಗೇ ಆಗ್ತಿದೆ. ಇದು ಕೊಸರು." ಭಾವ ಅದನ್ನು ಎರಡೆರಡು ಸಲ ಓದಿ, ಮೂಗು ಮುಟ್ಟಿಕೊಂಡು ಕೆಳಗಿಳಿಯುವರು.

ಆದರೆ ಆ ಲ್ಯಾಪ್‌ಟಾಪಿನ ಕೀಗಳು ಗಟ್ಟಿ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಅವಳ ಹಣೆಯಲ್ಲಿ ಬೆವರು. ಮೊಬೈಲ್ ಕೊಟ್ಟು ನೋಡಿದೆವು. ಗಾಜಿನ ಮೇಲೆ ಬರೆಯಬೇಕಾದರೆ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಿರಬೇಕು. ಅವಳಿಂದ ಅದು ಆಗದು. ಬೆರಳು ಸುಮ್ಮನೆ ಒರಗಿದರೂ ಅಕ್ಷರ ಬೀಳುತ್ತಿತ್ತು. ಒಂದು ದಿನ ನೀರು ಕೇಳಲು ಹೋಗಿ ಪರದೆ ತುಂಬ "ಕಕಕಕ" ಎಂದು ಬಂದಾಗ ಹುಡುಗಿ ಅತ್ತುಬಿಟ್ಟಳು. ಬೆರಳು ಇಟ್ಟುಕೊಂಡೇ ಇರಬಹುದಾದ, ಒತ್ತಿದಾಗ ಮಾತ್ರ ಒತ್ತಿಕೊಳ್ಳುವ, ಕೈ ಆಚೆ ಈಚೆ ಸರಿಸದೆ ಎಲ್ಲ ಅಕ್ಷರವೂ ಸಿಗುವ ಚಿಕ್ಕ ಕೀಬೋರ್ಡ್ ಬೇಕಾಗಿತ್ತು. ಅದು ಸಿಗದಿದ್ದರೆ ರಮ್ಯಳ ಮಾತು ಎರಡನೇ ಸಲ ನಿಲ್ಲುತ್ತಿತ್ತು.

ಕಾಟನ್‌ಪೇಟೆಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ ಹಾಕುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಮನೆಯಲ್ಲಿ ನಾನು ದೊಡ್ಡ ತಂತ್ರಜ್ಞ. "ವೇಣು, ನಿಂಗೆಲ್ಲಾ ಗೊತ್ತಲ್ಲ, ನಡಿ" ಎಂದು ಭಾವ ನನ್ನನ್ನು ಎಸ್.ಪಿ. ರೋಡಿಗೆ ಎಳೆದುಕೊಂಡು ಹೋದರು. ನಾಲ್ಕು ಅಂಗಡಿಯಲ್ಲಿ ಬಣ್ಣಬಣ್ಣದ ದೀಪ ಉರಿಯುವ, ಬಾಗಿಲಿನಷ್ಟು ಉದ್ದದ ಕೀಬೋರ್ಡ್ ತೋರಿಸಿದರು. ಐದನೆಯದು ನಿತೀಶ್ ಎಂಬುವರದು. ನನ್ನ ವಯಸ್ಸಿನವರು, ಮಾತು ಕಡಿಮೆ.

"ಗೇಮಿಂಗಿಗಾ ಸರ್?" ಎಂದರು.

"ಮಗಳು ಮಾತಾಡೋಕೆ" ಎಂದರು ಭಾವ.

ನಾನು ಬಿಡಿಸಿ ಹೇಳಿದೆ. ನಿತೀಶ್ ತೋರಿಸುತ್ತಿದ್ದ ಡಬ್ಬಿಗಳನ್ನು ಪಕ್ಕಕ್ಕಿಟ್ಟು, ಒಳಗಿನಿಂದ ಎರಡು ಅಂಗೈಯಷ್ಟು ಉದ್ದದ ಕೀಬೋರ್ಡೊಂದನ್ನು ತಂದರು. ನಂಬರುಗಳ ಪಟ್ಟಿ ಇಲ್ಲ, ಬೇಡದ ಕೀಗಳಿಲ್ಲ. ಪ್ರತಿ ಕೀಯ ಕೆಳಗೂ ಒಂದೊಂದು ಸ್ವಿಚ್, ಅದರೊಳಗೊಂದು ಸ್ಪ್ರಿಂಗು, ಬೇಕಾದರೆ ಕಿತ್ತು ಬೇರೆ ಹಾಕಬಹುದು ಎಂದರು. ಬೆಲೆ ಕೇಳಿ ನಾನು ಕೆಮ್ಮಿದೆ. ಭಾವ ಕೆಮ್ಮಲಿಲ್ಲ.

"ಸ್ಪ್ರಿಂಗು ಎಷ್ಟು ಗ್ರಾಮಿಂದು ಬೇಕು ನೋಡಿ" ಎಂದರು ನಿತೀಶ್. "ಅರವತ್ತು ಬರುತ್ತೆ, ನಲವತ್ತೈದು ಬರುತ್ತೆ, ಮೂವತ್ತೈದೂ ಬರುತ್ತೆ. ಅಷ್ಟು ಭಾರ ಬಿದ್ರೆ ಕೀ ಕೆಳಗೆ ಹೋಗುತ್ತೆ."

ಭಾವ ಕತ್ತು ಮುಂದೆ ಮಾಡಿದರು. "ಗ್ರಾಮು ಅಂದ್ರೆ? ನಮ್ಮ ಗ್ರಾಮೇನಾ?"

"ಅದೇ ಗ್ರಾಮೇ ಸರ್."

ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗಿನಿಂದ ಯಾರು ಏನು ಹೇಳಿದರೂ ತಲೆಬುಡ ತಿಳಿಯದೆ ಹೂಂಗುಟ್ಟುತ್ತಿದ್ದ ಮನುಷ್ಯನಿಗೆ ಮೊದಲ ಸಲ ಒಂದು ಮಾತು ಅರ್ಥವಾಗಿತ್ತು. ಮುಖದಲ್ಲಿ ಕಳೆ ಬಂತು. ಪಂಚೆಯ ಒಳಗಿನ ಚಡ್ಡಿಯ ಜೇಬಿನಲ್ಲಿ ಹುಡುಕಿದರು, ಏನೂ ಸಿಗಲಿಲ್ಲ. "ಇರಿ, ನಾಳೆ ತೂಕದ ಬಟ್ಟು ತತ್ತೀನಿ" ಎಂದರು. ಹೇಳಿದಂತೆ ಮಾರನೆಯ ದಿನ ಹಳೇ ಕಾಲದ ಐವತ್ತು ಗ್ರಾಮಿನ ಕಬ್ಬಿಣದ ಬಟ್ಟನ್ನು ತಂದು ನಲವತ್ತೈದರ ಕೀಯ ಮೇಲೆ ಇಟ್ಟೇಬಿಟ್ಟರು. ಕೀ ಕೆಳಗೆ ಹೋಯಿತು. ಪಕ್ಕದಲ್ಲಿದ್ದ ಹುಡುಗರು ನಕ್ಕರು. ನಿತೀಶ್ ನಗಲಿಲ್ಲ.

"ತೀರಾ ಹಗುರಾನೂ ತಗೋಬೇಡಿ ಸರ್. ಬೆರಳು ಇಟ್ಕೊಂಡ್ರೆ ಸಾಕು, ತಾನೇ ಟೈಪ್ ಆಗ್ಬಿಡುತ್ತೆ. ಅವರ ಬೆರಳಲ್ಲಿ ಎಷ್ಟು ಶಕ್ತಿ ಇದೆ ಅಂತ ಗೊತ್ತಾದ್ರೆ ಸರಿಯಾಗಿ ಕೊಡ್ತೀನಿ."

"ತೂಗ್ಕೊಂಡ್ ಬರ್ತೀನಿ" ಎಂದರು ಭಾವ.

ಶುಂಠಿ, ಬೆಳ್ಳುಳ್ಳಿ ತೂಗುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಮೇಲೆ ತಂದು ರಮ್ಯಳ ಮುಂದೆ ಇಟ್ಟಾಗ ಅಕ್ಕ ಉರಿದು ಬಿದ್ದಳು. "ತಲೆ ಕೆಟ್ಟಿದ್ಯಾ ನಿಮ್ಗೆ? ಹೆತ್ತ ಮಗೂನ ತರಕಾರಿ ಥರ ತೂಗ್ತೀರಾ?" ರಮ್ಯಳಿಗೆ ಮಾತ್ರ ನಗು. ತೋರುಬೆರಳನ್ನು ತಟ್ಟೆಯ ಮೇಲಿಟ್ಟು ಒತ್ತಿದಳು. ಎಪ್ಪತ್ತು. ಒಂದೊಂದೇ ಬೆರಳನ್ನು ತೂಗಿದರು. ಕಿರುಬೆರಳು ಐವತ್ತಕ್ಕೆ ನಿಂತಿತು. ನಲವತ್ತೈದರ ಸ್ಪ್ರಿಂಗಿನ ಕೀಬೋರ್ಡ್ ಮನೆಗೆ ಬಂತು. ಅದರ ಮೇಲೆ ಅವಳ ಮೊದಲ ಮಾತು: "ಬೆಣ್ಣೆ ಒತ್ತಿದ ಹಾಗಿದೆ ಅಪ್ಪ. ತೂಗಿಯಾಯ್ತಲ್ಲ, ಇನ್ನು ಕೆಜಿಗೆ ಎಷ್ಟು ಅಂತ ಬೋರ್ಡ್ ಹಾಕು. ಇದು ಕೊಸರು."

ಆ ಮಳೆಗಾಲವಿಡೀ ಮನೆಯಲ್ಲಿ ಕೀಬೋರ್ಡಿನ ಸದ್ದು. ನನಗೆ ಈಗಲೂ ಆ ದಿನಗಳನ್ನು ನೆನೆದರೆ ಸುಖವಾಗುತ್ತದೆ. ಅಂಗಡಿಯ ಲೆಕ್ಕ ಬರೆದುಕೊಟ್ಟಳು, ಅಕ್ಕನ ಜೊತೆ ಧಾರಾವಾಹಿಯ ಬಗ್ಗೆ ಜಗಳವಾಡಿದಳು, ಔಷಧಿ ಸಲಹೆ ಕೊಡಲು ಬಂದ ನೆಂಟರೊಬ್ಬರಿಗೆ "ಕಾಫಿ ಕುಡಿದಾಯ್ತಲ್ಲ, ಹೊರಡಿ" ಎಂದು ಬರೆದು ತೋರಿಸಿದಳು. ಆ ಮಾತು ನನ್ನ ಬಾಯಿಗೂ ಬಂದಿತ್ತು, ಧೈರ್ಯ ಸಾಕಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಭಾವ ತಕ್ಕಡಿಗೆ ಕುಂಕುಮವಿಟ್ಟು ಪೂಜೆ ಮಾಡುತ್ತಾರೆ. ಪೂಜೆಯಾದ ತಕ್ಕಡಿಯನ್ನು ಮೊದಲು ಮೇಲೆ ತಂದು ಮಗಳ ಬೆರಳು ತೂಗಿ, ಆಮೇಲೆ ವ್ಯಾಪಾರ ಶುರು ಮಾಡುವುದು ಒಂದು ಪದ್ಧತಿಯಾಯಿತು. ಸ್ಪ್ರಿಂಗು ಬದಲಾಯಿಸಬೇಕಾದರೆ ಮೊದಲೇ ತಿಳಿಯಲಿ ಎಂಬುದು ಅವರ ಲೆಕ್ಕ. ಮೊದಲು ತೋರುಬೆರಳು ಎಪ್ಪತ್ತರಿಂದ ಅರವತ್ತೈದಕ್ಕಿಳಿಯಿತು. ಅವತ್ತು ಭಾವ ಗಿರಾಕಿಗಳ ಮೇಲೆಲ್ಲ ಹರಿಹಾಯ್ದರು. ಅರವತ್ತಾದ ಶುಕ್ರವಾರ ಮಧ್ಯಾಹ್ನ ಮುದ್ದೆ ಮುಂದಿಟ್ಟುಕೊಂಡು ಕೂತು, ಮುಟ್ಟದೆ ಎದ್ದರು. ರಾತ್ರಿಯೂ ತಿನ್ನಲಿಲ್ಲ. ಐವತ್ತೈದಾದಾಗ ಎರಡು ದಿನ ಬರೀ ಕಾಫಿ.

"ಮಗೂ ಬೆರಳು ಇಳಿದ್ರೆ ಇವ್ರು ಅನ್ನ ಬಿಡ್ತಾರೆ. ನಾನು ಯಾರನ್ನ ನೋಡ್ಲಿ ವೇಣು?" ಎಂದು ಅಕ್ಕ ನನ್ನ ಮುಂದೆ ಕಣ್ಣೀರು ಹಾಕಿದಳು. ಆ ಮಾತನ್ನು ಅಲ್ಲೇ ಕುರ್ಚಿಯಲ್ಲಿದ್ದ ರಮ್ಯ ಕೇಳಿಸಿಕೊಂಡಳು. ಬುದ್ಧಿಗೆ ಏನೂ ಆಗಿರಲಿಲ್ಲವಲ್ಲ.

ಅದಾದ ಮೇಲಿನ ಶುಕ್ರವಾರ ಬೆರಳು ಐವತ್ತೈದಕ್ಕೇ ನಿಂತಿತು. ಅದರ ಮುಂದಿನ ವಾರವೂ ಅಷ್ಟೇ. ದಸರೆ ಕಳೆಯಿತು, ದೀಪಾವಳಿ ಕಳೆಯಿತು, ಬೆರಳು ಇಳಿಯಲಿಲ್ಲ. ಭಾವ ಅಣ್ಣಮ್ಮ ದೇವಿಗೆ ಮಡಿಲು ತುಂಬಿಸಿ ಬಂದರು. ಅಂಗಡಿಗೆ ಬಂದವರಿಗೆಲ್ಲ ಹಿಡಿಹಿಡಿ ಕೊಸರು ಬಿತ್ತು. "ಕಾಯಿಲೆ ನಿಂತೋಯ್ತು ವೇಣು, ತಕ್ಕಡಿ ಹೇಳ್ತಿದೆ" ಎಂದು ನನ್ನ ಬೆನ್ನಿಗೆ ಗುದ್ದಿದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೂ ಅದನ್ನೇ ಹೇಳಿದರು. ಆಕೆ ಒಳ್ಳೆಯ ಹೆಂಗಸು. ರಮ್ಯಳ ಕೈಯನ್ನು ಬಹಳ ಹೊತ್ತು ಹಿಡಿದು ನೋಡಿ, "ಊಟ ಚೆನ್ನಾಗಿ ಮಾಡ್ತಿದಾಳಾ?" ಎಂದು ಮಾತ್ರ ಕೇಳಿದರು.

ನಾನೂ ನಂಬಿದೆ. ನಂಬಬೇಕೆಂದು ಆಸೆಯಿತ್ತು. ಆದರೆ ಅವಳ ಮಾತು ಚಿಕ್ಕದಾಗುತ್ತಾ ಬಂತು. ಎರಡು ಸಾಲು ಬರೆಯುತ್ತಿದ್ದವಳು ಒಂದು ಸಾಲಿಗೆ ಬಂದಳು, ಆಮೇಲೆ ಒಂದು ಪದಕ್ಕೆ. "ನೀರು." "ಸಾಕು." ಅದರಲ್ಲೂ ನಡುನಡುವೆ ಅಕ್ಷರ ಬಿಟ್ಟುಹೋಗುತ್ತಿತ್ತು. ಕೊಸರು ನಿಂತೇ ಹೋಯಿತು. ಯಾಕಮ್ಮ ಎಂದು ಭಾವ ಕೇಳಿದರೆ, ಬಹಳ ಕಷ್ಟಪಟ್ಟು ಬರೆದಳು: "ಕೀಬೋರ್ಡ್ ಕೆಟ್ಟಿದೆ."

ಭಾವ ಆ ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಿತೀಶ್ ಅವರ ಅಂಗಡಿಗೆ ನುಗ್ಗಿದರು. ನಾನು ಹಿಂದೆಯೇ ಓಡಿದೆ.

"ಏನ್ರೀ, ಅಷ್ಟು ದುಡ್ಡು ಇಸ್ಕೊಂಡು ಇಂಥ ಮಾಲು ಕೊಡ್ತೀರಾ? ನನ್ ಮಗಳ ಬೆರಳು ಐವತ್ತೈದು ಇದೆ, ನಿಮ್ ಕೀ ನಲವತ್ತೈದು ಅಂದ್ರಿ. ಯಾಕ್ರೀ ಒತ್ಕೊಳಲ್ಲ?"

ನಿತೀಶ್ ಜಗಳವಾಡಲಿಲ್ಲ. ಒಂದೊಂದು ಕೀಯನ್ನೂ ಒತ್ತಿ ನೋಡಿದರು, ಒಳಗೆಲ್ಲ ಬ್ರಶ್ ಹಾಕಿ ಒರೆಸಿದರು. "ಏನೂ ಆಗಿಲ್ಲ ಸರ್. ನೀವೇ ನೋಡಿ" ಎಂದರು. ಭಾವ ಜೇಬಿನಿಂದ ಬಟ್ಟನ್ನು ತೆಗೆದು ಒಂದು ಕೀಯ ಮೇಲಿಟ್ಟರು. ಕೆಳಗೆ ಹೋಯಿತು. ಇನ್ನೊಂದರ ಮೇಲಿಟ್ಟರು. ಅದೂ ಹೋಯಿತು. ಅರ್ಧ ಕೀಬೋರ್ಡಿನ ಮೇಲೆ ಹಾಗೆ ಬಟ್ಟು ಇಡುತ್ತಾ ಹೋದವರು ಥಟ್ಟನೆ ನಿಲ್ಲಿಸಿದರು. ಬಟ್ಟನ್ನು ಮುಷ್ಟಿಯಲ್ಲಿ ಹಿಡಿದು, "ತಪ್ಪಾಯ್ತು ಸಾರ್" ಎಂದು ಹೊರಗೆ ಬಂದರು.

ಅವೆನ್ಯೂ ರಸ್ತೆಯ ಗಲಾಟೆಯಲ್ಲಿ ಅವರು ಜನರನ್ನು ಸರಿಸಿಕೊಂಡು ನನ್ನ ಮುಂದೆ ನಡೆದರು. ಮಾಮೂಲ್‌ಪೇಟೆಯ ಸಂದಿಗೆ ತಿರುಗುವಾಗ ನನ್ನ ತೋಳು ಹಿಡಿದು ನಿಲ್ಲಿಸಿದರು.

"ವೇಣು, ಎರಡು ತೂಕ ತಾಳೆ ಆಗ್ತಿಲ್ಲ ಅಂದ್ರೆ ಯಾರೋ ಒಬ್ರು ಕೈ ಇಟ್ಟಿದಾರೆ ಅಂತ ಅರ್ಥ."

"ಯಾರು ಭಾವ?"

ಅವರು ನನ್ನ ತೋಳು ಬಿಟ್ಟರು. ಬಟ್ಟನ್ನು ಜೇಬಿಗಿಳಿಸಿ ಮನೆಯ ಕಡೆ ಹೊರಟರು.

ಆ ಶುಕ್ರವಾರ ನಾನು ಕೆಲಸಕ್ಕೆ ತಡವಾಗಿ ಹೋಗುತ್ತೇನೆಂದು ಹೇಳಿ ಅಲ್ಲೇ ಇದ್ದೆ. ಕುಂಕುಮದ ತಕ್ಕಡಿ ಮೇಲೆ ಬಂತು. ಭಾವ ಯಾವಾಗಲೂ ನಂಬರು ತೋರುವ ಕಡೆ ನಿಲ್ಲುತ್ತಿದ್ದರು. ಅವತ್ತು ಈ ಕಡೆ, ಮಗಳ ಪಕ್ಕ ಬಂದು ನಿಂತರು. ರಮ್ಯ ಬೆರಳಿಟ್ಟಳು. ಆಮೇಲೆ, ಕೈ ಸರಿಮಾಡಿಕೊಳ್ಳುವವಳಂತೆ, ಮುಂಗೈಯ ಅಂಚನ್ನು ಮೆಲ್ಲಗೆ ತಟ್ಟೆಗೆ ಒರಗಿಸಿದಳು. ಮುಖದಲ್ಲಿ ಏನೂ ಇಲ್ಲ. ಕಿಟಕಿಯ ಕಡೆ ನೋಡುತ್ತಿದ್ದಳು. ನಂಬರು ಮೇಲೇರುತ್ತಾ ಹೋಗಿ ಐವತ್ತೈದಕ್ಕೆ ನಿಂತಿತು.

ಮೂಟೆ ಸುರಿದು ಬಂದ ಮನುಷ್ಯ, ಗಿರಾಕಿಯ ಮುಂದೆ ಕೈ ಕಟ್ಟಿಕೊಂಡೇ ತೂಗುವ ಮನುಷ್ಯ, ತಾನೇ ಕಲಿಸಿದ ಮೋಸವನ್ನು ತನ್ನ ತಕ್ಕಡಿಯ ಮೇಲೆ ನೋಡುತ್ತಾ ನಿಂತಿದ್ದರು. ಇಷ್ಟು ವಾರ ಅವರಿಗೆ ಅದು ಕಾಣಿಸಿರಲಿಲ್ಲ. ಅವರು ನಂಬರನ್ನಷ್ಟೇ ನೋಡಿದ್ದರು.

"ಐವತ್ತೈದು" ಎಂದರು. "ಹಂಗೇ ಇದೆ ಕಣಮ್ಮ."

ತಕ್ಕಡಿ ಎತ್ತಿಕೊಂಡು ಕೆಳಗೆ ಹೋದರು. ನಾನು ಹೋಗಿ ನೋಡಿದಾಗ ಆಲೂಗಡ್ಡೆ ಮೂಟೆಯ ಮೇಲೆ ಕೂತು, ಬಾಯಿಗೆ ಟವೆಲು ತುರುಕಿಕೊಂಡು ಅಳುತ್ತಿದ್ದರು. ಹೊರಗೆ ಇಬ್ಬರು ಗಿರಾಕಿಗಳು ನಿಂತಿದ್ದರು. ನಾನು ಬಾಗಿಲು ಎಳೆದೆ. ನನಗೂ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಬೇಡಿ. ಅಪ್ಪ ಊಟ ಮಾಡಲಿ ಎಂದು ಮಗಳು ಬೆರಳಿನ ತೂಕ ಹೆಚ್ಚಿಸಿ ತೋರಿಸಿದ್ದಳು. ಆ ಸುಳ್ಳು ತೂಕಕ್ಕೆ ತಾಳೆಯಾಗುವ ಕೀಬೋರ್ಡಿನ ಮುಂದೆ ಮಾತಿಲ್ಲದೆ ಕೂತಿದ್ದಳು.

"ಕೇಳ್ಬಿಡೋಣ ಭಾವ. ನಿಜವಾದ ತೂಕ ಗೊತ್ತಾಗ್ದೆ ಸ್ಪ್ರಿಂಗ್ ಹೆಂಗೆ ತರೋದು?"

"ಕೇಳಂಗಿಲ್ಲ. ನಂಗೋಸ್ಕರ ಮಾಡ್ತಿದಾಳೆ. ಕಳ್ಳಿ ಅಂತ ಅವಳನ್ನ ಹಿಡ್ಕೊಡ್ಲಾ?"

ಮಧ್ಯಾಹ್ನ ಮೇಲೆ ಹೋಗಿ ಮಗಳ ಪಕ್ಕ ಕೂತರು. ಅಂಗೈಯನ್ನು ಮುಂದೆ ಚಾಚಿ, "ಏನಮ್ಮಾ, ಅಪ್ಪನ ಕೈ ಒರಟಾಗಿದ್ಯಾ ನೋಡು. ಒತ್ತಿ ನೋಡು" ಎಂದರು. ಅವಳು ನಕ್ಕು ಅವರ ಅಂಗೈಯ ನಡುವೆ ತೋರುಬೆರಳಿಟ್ಟು ಒತ್ತಿದಳು. ಅವರು ಕಣ್ಣು ಮುಚ್ಚಿಕೊಂಡರು. ಎದ್ದು ಬಂದವರು ಮೆಟ್ಟಿಲ ಮೇಲೆ ನನಗೆ ಹೇಳಿದರು.

"ನಾಲ್ಕು ಹಸಿಮೆಣಸಿನಕಾಯಿ ಇಟ್ಟಂಗಿತ್ತು ವೇಣು. ಅದಕ್ಕಿಂತ ಜಾಸ್ತಿ ಇಲ್ಲ."

ನಿತೀಶ್ ಅವರಿಗೆ ನಾನೇ ಎಲ್ಲವನ್ನೂ ಹೇಳಿದೆ. ಅಷ್ಟು ಹಗುರದ ಸ್ಪ್ರಿಂಗು ತಮ್ಮಲ್ಲಿಲ್ಲ, ತರಿಸಬೇಕು ಎಂದರು. ಆಮೇಲೆ "ಅವತ್ತು ಹೇಳಿದ್ನಲ್ಲ, ಬೆರಳು ಇಟ್ರೆ ತಾನೇ ಟೈಪ್ ಆಗುತ್ತೆ ಅಂತ. ಈಗ ಆ ತೊಂದ್ರೆ ಇರಲ್ಲ ಬಿಡಿ" ಎಂದರು. ಅವರು ಅದನ್ನು ಸಮಾಧಾನಕ್ಕೆಂದೇ ಹೇಳಿದ್ದು. ನಾನು ಮುಂಗಡ ಎಣಿಸಿಕೊಟ್ಟು ಎದ್ದೆ.

ಸ್ಪ್ರಿಂಗುಗಳು ಬಂದ ದಿನ ನಾವಿಬ್ಬರೂ ಅಂಗಡಿಯಲ್ಲೇ ಕೂತೆವು. ನಿತೀಶ್ ಚಿಮಟದಲ್ಲಿ ಒಂದೊಂದೇ ಸ್ವಿಚ್ಚನ್ನು ಕಿತ್ತು ಹೊಸದನ್ನು ಕೂರಿಸಿದರು. ಮೇಲಿನ ಕೀಗಳು ಅವೇ, ಕೀಬೋರ್ಡ್ ಅದೇ. ಭಾವ ಅದನ್ನು ಮತ್ತೆ ಟವೆಲಿನಲ್ಲಿ ಸುತ್ತಿ ತಂದು ಮಗಳ ಮುಂದಿಟ್ಟರು.

"ನೀನು ಹೇಳಿದ್ದೇ ಸರಿ ಕಣಮ್ಮ. ಕೀಬೋರ್ಡೇ ಕೆಟ್ಟಿತ್ತು. ಒಳಗೆ ಧೂಳು. ರಿಪೇರಿ ಮಾಡ್ಸಿದೀನಿ."

ಅಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನು ನಾನು ನೋಡಿಲ್ಲ. ಕಣ್ಣು ಅಕ್ಕನ ಕಡೆ, ಕೈ ಮೂಗಿನ ಮೇಲೆ. ರಮ್ಯ ಬೆರಳಿಟ್ಟಳು. ಅಕ್ಷರ ಬಂತು. ಇನ್ನೊಂದು ಬಂತು. ಅವಳು ಅಪ್ಪನ ಮುಖವನ್ನೇ ಬಹಳ ಹೊತ್ತು ನೋಡಿ ಬರೆದಳು: "ಒಳ್ಳೇ ರಿಪೇರಿ." ಆಮೇಲೆ ಇನ್ನೊಂದು ಸಾಲು, ನಿಧಾನವಾಗಿ: "ಊಟ ಮಾಡಿದ್ಯಾ ಅಪ್ಪ?"

ಅವಳ ಮಾತು ಸಂಕ್ರಾಂತಿಯವರೆಗೆ ಮತ್ತೆ ನಡೆಯಿತು. ಮೊದಲಿನಷ್ಟು ಇಲ್ಲ, ಒಂದೊಂದು ಪದಕ್ಕೂ ಸುಸ್ತು, ಆದರೂ ನಡೆಯಿತು. ಶುಕ್ರವಾರದ ತಕ್ಕಡಿಯೂ ನಡೆಯಿತು. ಭಾವ ಈಗ ನಂಬರು ತೋರುವ ಕಡೆಗೇ ನಿಲ್ಲುವರು, ಅವಳು ಕಿಟಕಿಯ ಕಡೆ ನೋಡುತ್ತಾ ಮುಂಗೈ ಒರಗಿಸುವಳು, ಅವರು "ಐವತ್ತೈದು" ಎನ್ನುವರು, ಮಧ್ಯಾಹ್ನ ಅವಳ ಎದುರಿಗೇ ಕೂತು ಮುದ್ದೆ ನುಂಗುವರು.  ಅಕ್ಕನಿಗೆ ನಾನು ಇದನ್ನು ಹೇಳಿರಲಿಲ್ಲ. ಅವಳಿಗೆ ಆಗಲೇ ಗೊತ್ತಿತ್ತು, ಹೇಳುವ ಅಗತ್ಯವೂ ಇರಲಿಲ್ಲ ಎಂದು ಈಗ ಅನಿಸುತ್ತದೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ಶುಕ್ರವಾರ. ರಮ್ಯಳ ಕೈಯನ್ನು ತಟ್ಟೆಯ ಮೇಲೆ ಅಕ್ಕನೇ ಎತ್ತಿ ಇಡಬೇಕಾಯಿತು. ಬೆರಳು ತಟ್ಟೆಗೆ ತಗುಲಿತು. ಮುಂಗೈಯನ್ನು ಅಂಚಿಗೆ ಸರಿಸಲು ನೋಡಿದಳು. ಅದು ಸರಿಯಲಿಲ್ಲ. ಇನ್ನೊಮ್ಮೆ ನೋಡಿದಳು, ಕತ್ತಿನ ನರ ಎದ್ದು ಬಂತು, ಕೈ ಮಾತ್ರ ಇದ್ದಲ್ಲೇ ಇತ್ತು. ನಂಬರು ಇಪ್ಪತ್ತರ ಹತ್ತಿರ ಹೋಗಿ, ಹಿಂದೆ ಬಂದು, ಮಿಣಮಿಣ ಅನ್ನುತ್ತಿತ್ತು. ಆ ತಕ್ಕಡಿಗೆ ಎದುರಿಗೂ ಒಂದು ಗಾಜಿದೆ, ಗಿರಾಕಿಗೂ ತೂಕ ಕಾಣಲಿ ಎಂದು. ರಮ್ಯ ಅದನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಸಿಕ್ಕಿಬಿದ್ದ ಮಗುವಿನ ಮುಖ. ಅವಳ ಕಣ್ಣು ತುಂಬಿತು.

ಅಕ್ಕ ಸೆರಗನ್ನು ಬಾಯಿಗೆ ಹಿಡಿದಳು. 

ಭಾವ ಒಂದು ಹೆಜ್ಜೆ ಮುಂದೆ ಬಂದರು. ಮಣ್ಣು ಹಿಡಿದು ಕಪ್ಪಾದ, ಉಗುರು ಸೀಳಿದ ತಮ್ಮ ಹೆಬ್ಬೆರಳನ್ನು, ಎಲ್ಲರೂ ನೋಡುತ್ತಿರುವಂತೆಯೇ, ಮಗಳ ಬೆರಳಿನ ಪಕ್ಕ ತಟ್ಟೆಯ ಮೇಲೆ ಇಟ್ಟರು.  ನಂಬರು ಎಪ್ಪತ್ತಕ್ಕೆ ಹಾರಿತು, ನಲವತ್ತಕ್ಕೆ ಬಿತ್ತು. ಮೆಲ್ಲಗೆ ಒತ್ತುತ್ತಾ ಬಂದು ಐವತ್ತೈದಕ್ಕೆ ನಿಲ್ಲಿಸಿದರು.

"ಐವತ್ತೈದು" ಎಂದರು.  "ಹಂಗೇ ಇದೆ ಕಣಮ್ಮ. ಒಂದು ಗ್ರಾಮೂ ಕಮ್ಮಿ ಇಲ್ಲ."

ರಮ್ಯ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣಿನಲ್ಲೇ ಕೀಬೋರ್ಡ್ ತೋರಿಸಿದಳು. ಅಕ್ಕ ಅವಳ ಕೈಯನ್ನು ಎತ್ತಿ ಅದರ ಮೇಲಿಟ್ಟಳು. ಒಂದು ಅಕ್ಷರ ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಕೆಳಗೆ ಯಾರೋ ಗಿರಾಕಿ "ಮುನಿರಾಮಪ್ಪಾ" ಎಂದು ಕೂಗುತ್ತಿದ್ದರು.  ಕೊನೆಯ ಅಕ್ಷರ ಬಿದ್ದ ಮೇಲೆ ಅವಳ ಬೆರಳು ಕೀಯ ಮೇಲೆಯೇ ಒರಗಿಕೊಂಡಿತು.

ಭಾವ ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದರು.

"ಕೊ. ಸ. ರು."

ಅವತ್ತು ಮಧ್ಯಾಹ್ನ ಅವರು ಮಗಳ ಎದುರಿಗೆ ಕೂತು ಎರಡು ಮುದ್ದೆ ಊಟ ಮಾಡಿದರು. ಅವಳು ನೋಡುತ್ತಿದ್ದಳು. ಆಮೇಲೆ ಯಾವತ್ತೂ ಅವಳು ಏನನ್ನೂ ಬರೆಯಲಿಲ್ಲ.